ಒಂದು ದಿನದ ಚಂಡಮಾರುತ

ರಾತ್ರಿ ಕಡಲಿನಲ್ಲಿ ಹುಟ್ಟಿದ ಚಂಡಮಾರುತಕ್ಕೆ ಬೆಳಿಗ್ಗೆ ಹೆಸರಿಟ್ಟರು. ಬಂದರಿನಲ್ಲಿ ಹವಾಮಾನ ಸಾರುವ ಹುಡುಗಿಗೆ ಆಗಷ್ಟೇ ಮದುವೆಯಾಗಿತ್ತು. ಅವಳು ಎಚ್ಚರಿಕೆ ಸಾರಿದ್ದೇ ತಡ, ಮೀನಿನ ಬೋಟುಗಳೆಲ್ಲ ದಡಕ್ಕೆ ಓಡಿಬಂದವು. ಅವಳ ಗಂಡನೂ ಬಂದ.

ಸಂಜೆ ಅವಳ ಮೊಬೈಲಿಗೆ ಸಂದೇಶ ಬಂತು: ಚಂಡಮಾರುತ ಕರಗಿದೆ, ಬೋಟುಗಳು ಹೊರಡಬಹುದು. ಹೊರಟವರು ವಾರಗಟ್ಟಲೆ ಬರುವುದಿಲ್ಲ. ಅವಳು ಮೊಬೈಲನ್ನು ಮಗುಚಿಟ್ಟಳು.

ಬಾಗಿಲಲ್ಲಿ ಗಂಡನ ಬೋಟು ನಡೆಸುವ ತಾಂಡೇಲ ನಿಂತಿದ್ದ. ಬಿಳಿ ಮೀಸೆ, ಕೆಂಡದಂಥ ಸಿಟ್ಟು.

"ಗಾಳಿ ಎಂತಾಯ್ತ್ ಹೆಣ್ಣೇ?"

"ಇನ್ನೂ ಜೋರಾತಾ ಇತ್ತ್ ಮಾವಯ್ಯ."

"ಸುಳ್ಳ್! ಅದ್ ಸತ್ತದ್ದ್ ನನ್ ಮೊಬೈಲಿಗೂ ಬಂದಿತ್ತ್."

ಬೋಟುಗಳು ಹೊರಡಬಹುದೆಂದು ಸಾರಲು ಅವಳು ಮೈಕ್ ಎತ್ತಿಕೊಂಡಳು. ಮುದುಕ ಥಟ್ಟನೆ ಸ್ವಿಚ್ ಆರಿಸಿದ.

"ಮನೆಯೊಳ್ಗೆ ನನ್ ಹೆಂಡ್ತಿ ಈಗ ಮಲ್ಲಿಗೆ ಮುಡ್ಕಂಡ್ ಕಾಯ್ತಾ ಇದ್ಲ್. ಗಾಳಿ ನಾಳೆ ಸಾಯ್ಲಿ."