ಟಿಸಿ ಮಾವನ ಮಂಚ

ಊರಿಗೆ ಬರುತ್ತಿದ್ದ ವಿದ್ಯುತ್ ರೈಲು ನಿಂತು ಒಂದು ತಲೆಮಾರೇ ಕಳೆದಿತ್ತು. ಊರವರು ಹರಾಜಿನಲ್ಲಿ ಕೊಂಡು ಮಂಚ, ಕಂಬ ಮಾಡಿಸಿಕೊಂಡಿದ್ದ ಅದರ ಹಳಿಗಳು ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ. ಮಧ್ಯಾಹ್ನದ ಗಾಡಿಯ ಹೊತ್ತಿಗೆ ಸರಿಯಾಗಿ ಹಳೆಯ ಸ್ಟೇಷನ್ನಿನ ಕಡೆ ಹೊರಡಲು ಹವಣಿಸುತ್ತಿದ್ದವು; ಮಂಚಗಳಂತೂ ಹೊರಟೇಬಿಡುತ್ತಿದ್ದವು. ಆ ರೈಲಿನಲ್ಲಿ ಟಿಸಿಯಾಗಿದ್ದ ಗುರುಸಂಗಪ್ಪ ಹಟ ಹಿಡಿದು ಅಂಥದೇ ಮಂಚದ ಮೇಲೆ ಮಲಗುತ್ತಿದ್ದರು. ಮಂಚ ಬಂದರೆ ಬಜಾರಿನವರು ಸರಿದು ದಾರಿ ಬಿಡುತ್ತಿದ್ದರು. ಸಂಜೆ ಅದನ್ನು ಎಳೆದು ತರುವ ಕರ್ಮ ಸೊಸೆ ನೀಲವ್ವನದು.

“ಕಟ್ಟಿಗೀ ಮಂಚ ಐತಲ್ರೀ ಮಾವಾರ, ಅದರ ಮ್ಯಾಲ ಮಲಗಾಕ ಏನ ತ್ರಾಸ ನಿಮಗ?”

“ಅದು ಎಲ್ಲಿಗೂ ಹೋಗೂದಿಲ್ಲವ್ವ.”

ಇವತ್ತು ನೀಲವ್ವನಿಗೆ ಸಾಕಾಗಿಹೋಯಿತು. ಮಾವನಿಗೆ ನಿದ್ದೆ ಹತ್ತಿದ ಮೇಲೆ, ಎಮ್ಮೆ ಕಟ್ಟಿದ್ದ ಚಪ್ಪರದ ಕಂಬಕ್ಕೆ ಮಂಚವನ್ನು ಹಗ್ಗದಿಂದ ಬಿಗಿದಳು. ಗಾಡಿಯ ಹೊತ್ತಾಯಿತು. ಮಂಚ ಜಗ್ಗಿತು. ದಿನಾ ನಿಂತಲ್ಲೇ ಅದುರಿ ಸುಮ್ಮನಾಗುತ್ತಿದ್ದ ಕಂಬಕ್ಕೆ ಜೊತೆ ಸಿಕ್ಕಂತಾಗಿ, ಅದೂ ಬುಡಸಮೇತ ಕಿತ್ತುಕೊಂಡು ಹೊರಟಿತು. ಕಂಬವೂ ಹಳಿಯದೇ ಎಂಬುದು ಅವಳಿಗೆ ನೆನಪಾದದ್ದು ಆಗಲೇ. ಚಪ್ಪರ ಕುಸಿದು ಬಿತ್ತು. ಎಮ್ಮೆ ಬೇರೆ ದಾರಿಯಿಲ್ಲದೆ ಕಂಬದ ಹಿಂದೆ ನಡೆಯಿತು.

ಸದ್ದಿಗೆ ಎದ್ದು ಕುಳಿತ ಮಾವ ಹಿಂತಿರುಗಿ ನೋಡಿದರು. ಎಷ್ಟೋ ವರ್ಷಗಳ ಮೇಲೆ ಅವರ ಮುಖ ಅರಳಿತು.

“ಇವತ್ತ ಗಾಡೀಗೆ ಡಬ್ಬಿ ಜಾಸ್ತಿ ಅದಾವಲ್ಲವ್ವ” ಎಂದರು.

ನೀಲವ್ವ ಹಣೆ ಚಚ್ಚಿಕೊಂಡಳು. ಬರುವಾಗ ಹೇಗೂ ಎಳೆಯುವವಳು ತಾನೇ, ಹೋಗುವಾಗಲಾದರೂ ಕುಳಿತು ಹೋದರಾಯಿತು ಎಂದು ಗೊಣಗುತ್ತ ಓಡಿ, ಮಂಚದ ತುದಿಗೆ ಹತ್ತಿ ಕುಳಿತಳು.

ಮಾವ ಅವಳ ಮುಂದೆ ಅಂಗೈ ಚಾಚಿದರು.

“ಟಿಕೀಟ?”