ಕಟ್ ಮಾಡದ ತುಂಡು

ಪರದೆಯ ಮೇಲೆ ಈಗ ಬರಿಯ ನೆಲ, ಓಡಾಡುವ ಕಾಲುಗಳು. "ಇದು ವೇಸ್ಟ್ ಆಂಟಿ. ಅಂಕಲ್ ಕ್ಯಾಮೆರಾ ಆಫ್ ಮಾಡಲು ಮರೆತಿದ್ದಾರೆ. ಕಟ್ ಮಾಡುವುದಾ?" ಎಂದು ಉಡುಪಿಯ ಸ್ಟುಡಿಯೋದ ದೀಕ್ಷಿತಾ ಕೇಳಿದಳು.

ಬೇಬಿಯಕ್ಕ ಕೈ ಅಡ್ಡ ಹಿಡಿದರು. ತೀರಿಹೋದ ಗಂಡ ಸುಂದರರ ದನಿ ಎಲ್ಲಾದರೂ ಸಿಕ್ಕೀತೆಂದು ಅವರು ಉದ್ಯಾವರದಿಂದ ಈ ಹಳೆಯ ಹ್ಯಾಂಡಿಕ್ಯಾಮ್ ಕ್ಯಾಸೆಟನ್ನು ಕಂಪ್ಯೂಟರಿಗೆ ಹಾಕಿಸಲು ತಂದಿದ್ದರು. ತಮ್ಮ ಮನೆಯ ಗೃಹಪ್ರವೇಶವನ್ನೆಲ್ಲ ಚಿತ್ರೀಕರಿಸಿದ ಮನುಷ್ಯ ತಾನು ಮಾತ್ರ ತುಟಿ ಬಿಚ್ಚಿರಲಿಲ್ಲ. ಹಿಂದೆ ಯಾರೋ ಮಾಡಿಕೊಟ್ಟ ಸಿ.ಡಿ.ಯಲ್ಲಿ ಮುಖಗಳೆಲ್ಲ ಮಸುಕಾಗಿದ್ದವು. ಈ ತುಂಡಂತೂ ಅದರಲ್ಲಿ ಇರಲೇ ಇಲ್ಲ.

ದೀಕ್ಷಿತಾ ಎದ್ದು ಫ್ಯಾನ್ ನಿಲ್ಲಿಸಿದಳು. ಪಾತ್ರೆಗಳ ಸದ್ದಿನ ನಡುವೆ ಸುಂದರರ ದನಿ ಕೇಳಿತು: "ಪಾಯಸ ಪೂರ್ತಿ ಮುಗಿಸಬೇಡಿ ಮಾರಾಯ್ರೇ. ಒಂದು ಲೋಟ ತೆಗೆದಿಡಿ. ಬೇಬಿ ಬಡಿಸ್ತಾ ಇದ್ದಾಳೆ, ಇನ್ನೂ ಊಟ ಮಾಡಲಿಲ್ಲ."

ಬೇಬಿಯಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು.

"ಇದನ್ನು ಸಣ್ಣ ಫೈಲ್ ಮಾಡುವುದಿಲ್ಲ ಆಂಟಿ, ಮಾಡಿದರೆ ಆ ಸಿ.ಡಿ.ಯ ಹಾಗೆ ಮಸುಕಾಗ್ತದೆ," ಎಂದಳು ದೀಕ್ಷಿತಾ ಮೆಲ್ಲಗೆ. "ಕ್ಯಾಸೆಟ್‌ನಲ್ಲಿ ಉಂಟಲ್ಲ, ಹಾಗೆಯೇ ಕೊಡ್ತೇನೆ."

"ಆ ಪಾಯಸ ಅತ್ತಿಗೆ ಇಟ್ಟದ್ದು ಅಂತ ಅಂದುಕೊಂಡಿದ್ದೆ ಮಗಾ," ಎಂದರು ಬೇಬಿಯಕ್ಕ. "ಕುಡಿದು ಅವರನ್ನೇ ಹೊಗಳಿದೆ. ಇವರು ಅಲ್ಲೇ ನಿಂತು ನಗ್ತಾ ಇದ್ದರು."