ಸೊಸೆಯ ದನಿ

ಎಲ್ಲರ ಕಿವಿಗೂ ಭಾಷಾಮಣಿ ಬಂದ ಮೇಲೆ ಯಾರೂ ಬೇರೆ ಭಾಷೆ ಕಲಿಯುತ್ತಿರಲಿಲ್ಲ. ಯಾರು ಏನೇ ಆಡಿದರೂ ಮಣಿ ಅವರ ದನಿಯನ್ನು ಮುಚ್ಚಿ, ತನ್ನ ತಣ್ಣನೆಯ ದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿತ್ತು. ಗದಗಿನ ದ್ಯಾಮವ್ವನಿಗೆ ಕೊರಿಯಾದ ಸೊಸೆ ಜಿಯೂನಳ ಮಾತೂ ಹಾಗೆಯೇ ಕೇಳುತ್ತಿತ್ತು. 'ಬಿಗುಮಾನದ ಹುಡುಗಿ' ಎಂದು ಓಣಿಯವರು ಆಡಿಕೊಂಡರು. ದ್ಯಾಮವ್ವನಿಗೂ ಒಮ್ಮೊಮ್ಮೆ ಹಾಗೆನಿಸಿ ಸಂಕಟವಾಗುತ್ತಿತ್ತು.

ಸೊಸೆಯ ಮಾತನ್ನು ಅವಳ ದನಿಯಲ್ಲೇ ಕೇಳಿ ತಿಳಿಯಬೇಕೆಂದು, ದ್ಯಾಮವ್ವ ಮಣಿ ತೆಗೆದಿಟ್ಟು, ರೊಟ್ಟಿ ಬಡಿಯುತ್ತ ಹಳೆಯ ರೇಡಿಯೋ ಪಾಠಗಳಿಂದ ಕೊರಿಯನ್ ಕಲಿಯತೊಡಗಿದಳು.

"ಮಣಿ ಇರೂವಾಗ ಇದ್ಯಾಕ ಬೇಕವ್ವಾ?" ಎಂದು ಮಗ ಶಿವಪುತ್ರ ನಕ್ಕ.

"ನಿನಗ ತಿಳಿಯಂಗಿಲ್ಲ, ಸುಮ್ಮನಿರು."

ಒಂದು ಮುಂಜಾನೆ ಅವಳು ಸೊಸೆಗೂ ಮಣಿ ತೆಗೆಯಲು ಸನ್ನೆ ಮಾಡಿದಳು.

"ಬಾಪ್ ಮೊಗೊಸ್ಸೊ?" ಊಟ ಆಯಿತೇ ಎಂದು ಕೇಳಿದ್ದಳು.

ಜಿಯೂನ್ ಕಣ್ಣರಳಿಸಿದಳು. "ಆಜಿಕ್!"

ಇನ್ನೂ ಇಲ್ಲ. ದ್ಯಾಮವ್ವನಿಗೆ ತಿಳಿಯಿತು! ಆಮೇಲೆ ಹುಡುಗಿ ಅತ್ತೆಯ ಹಿಟ್ಟಿನ ಕೈ ಹಿಡಿದು, ನಗುತ್ತ, ಏರಿಳಿಯುವ ಇಂಪಾದ ದನಿಯಲ್ಲಿ ಉಸಿರುಬಿಡದೆ ಮಾತಾಡತೊಡಗಿದಳು. ಹತ್ತರಲ್ಲಿ ಒಂದು ಮಾತೂ ತಿಳಿಯಲಿಲ್ಲ.

"ಏ ಶಿವಪುತ್ರಾ," ದ್ಯಾಮವ್ವ ಹಿಗ್ಗಿನಿಂದ ಕೂಗಿದಳು, "ನಿನ್ನ ಹೇಂತಿ ಎಂಥಾ ಮಾತಿನಮಲ್ಲಿ ಅದಾಳ ಕೇಳ ಬಾರೋ! ಮಣಿ ತಗದಿಟ್ಟು ಬಾ!"